ಕಳೆ ಕೊಚ್ಚುವ ಯಂತ್ರಕ್ಕೆ ಎಂಥ ಎಂಜಿನು?

ಮಲೆನಾಡಿನ ಅಡಕೆ ಮತ್ತು ಕಾಫಿ ತೋಟಗಳಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ಮೊಣಕಾಲೆತ್ತರ ಬೆಳೆದು ನಿಲ್ಲುತ್ತದೆ. ಕತ್ತಿಯಿಂದ ಅದನ್ನು ಸವರುತ್ತಿದ್ದ ಕೆಲಸಗಾರರು ವಿರಳವಾದಂತೆ, ಹೆಗಲಿಗೆ ತೂಗುಹಾಕಿಕೊಂಡು ನಡೆಸುವ ಕಳೆ ಕೊಚ್ಚುವ ಯಂತ್ರವು ಕೃಷಿಕರ ಮನೆಗಳಿಗೆ ಬಂದಿದೆ. ಅದನ್ನು ಕೊಳ್ಳಹೊರಟವರು ಮೊದಲು ನಿರ್ಧರಿಸಬೇಕಾದುದು, ಎಂಜಿನು ಟೂ ಸ್ಟ್ರೋಕಿನದಾಗಿರಬೇಕೋ ಫೋರ್ ಸ್ಟ್ರೋಕಿನದಾಗಿರಬೇಕೋ ಎಂಬುದನ್ನು. ಬೆಲೆ, ತೂಕಗಳನ್ನಷ್ಟೇ ನೋಡಿ ಇದನ್ನು ನಿರ್ಧರಿಸುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ.

ಸಿಲಿಂಡರಿನೊಳಗೆ ಪಿಸ್ಟನ್ನು ಒಮ್ಮೆ ಏರುವುದು ಅಥವಾ ಒಮ್ಮೆ ಇಳಿಯುವುದು ಒಂದು ಸ್ಟ್ರೋಕ್ ಎನಿಸುತ್ತದೆ. ಜರ್ಮನಿಯ ನಿಕೊಲಾಸ್ ಆಟೋ 1876ರಲ್ಲಿ ನಿರ್ಮಿಸಿದ ಎಂಜಿನಿನಲ್ಲಿ ಮಿಶ್ರಣವನ್ನು ಹೀರುವುದು, ಒತ್ತುವುದು, ಉರಿಸಿ ಶಕ್ತಿ ಪಡೆಯುವುದು, ಹೊಗೆಯನ್ನು ಹೊರದೂಡುವುದು ಎಂಬ ನಾಲ್ಕು ಕೆಲಸಗಳಿಗೆ ನಾಲ್ಕು ಸ್ಟ್ರೋಕುಗಳು. ಎಂಜಿನು ಎರಡು ಸುತ್ತು ತಿರುಗಿದರೆ ಒಮ್ಮೆ ಶಕ್ತಿ ದೊರೆಯುತ್ತದೆ. ಟೂ ಸ್ಟ್ರೋಕ್ ಎಂಜಿನಿನಲ್ಲಾದರೋ ಪ್ರತಿ ಸುತ್ತಿಗೂ ಶಕ್ತಿ ದೊರೆಯುತ್ತದೆ. ತೋಟದ ಯಂತ್ರಗಳಲ್ಲಿರುವ ಇಂಥ ಎಂಜಿನಿಗೆ ಕವಾಟಗಳೇ ಇಲ್ಲ; ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಆದಕಾರಣ ಅದು ಹಗುರ, ಸರಳ.

ಈ ಸರಳತೆಯಲ್ಲಿಯೇ ಅದರ ದೋಷವೂ ಅಡಗಿದೆ. ಹೊಸ ಮಿಶ್ರಣವು ಒಳನುಗ್ಗಿ ಹಳೆಯ ಹೊಗೆಯನ್ನು ತಳ್ಳುವಾಗ ಎರಡೂ ಕಡೆಯ ಕಿಂಡಿಗಳು ತೆರೆದಿರುತ್ತವೆ. ಹಳೆಯ ಮಾದರಿಗಳಲ್ಲಿ ಪೆಟ್ರೋಲಿನ ಸುಮಾರು ಕಾಲುಭಾಗ ಉರಿಯದೆಯೇ ಹೊರಬೀಳುತ್ತದೆ. ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಸುಟ್ಟು ನೀಲಿ ಹೊಗೆಯಾಗುತ್ತದೆ. ಮೈಸೂರಿನಲ್ಲಿ 1996ರವರೆಗೆ ತಯಾರಾದ ಯೆಜ್ಡಿ ಮೋಟಾರುಸೈಕಲ್ಲಿನ ಹಿಂದೆ ಸಾಗಿದವರಿಗೆ ಈ ಹೊಗೆ ಪರಿಚಿತವೇ. ನಿಯಮಗಳು ಬಿಗಿಯಾದಂತೆ ಹೊಸ ವಾಹನಗಳಿಂದ ಟೂ ಸ್ಟ್ರೋಕ್ ಎಂಜಿನು ಬಹುಮಟ್ಟಿಗೆ ಮರೆಯಾಯಿತು. ಆದರೆ ರಸ್ತೆಯ ಸವಾರನು ತನ್ನ ಹೊಗೆಯನ್ನು ಹಿಂದೆ ಬಿಟ್ಟು ಸಾಗುತ್ತಾನೆ. ಗಾಳಿಯಾಡದ ದಟ್ಟ ತೋಟದಲ್ಲಿ ಕೆಲಸಗಾರನು ಅದರ ನಡುವೆಯೇ ನಿಂತಿರುತ್ತಾನೆ. ಎಂಜಿನು ಅವನ ಮಗ್ಗುಲಲ್ಲೇ ಇರುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ಬಂದಾಗಲೇ ಅದರ ಅರಿವು.

ಫೋರ್ ಸ್ಟ್ರೋಕ್ ಎಂಜಿನೂ ಹೊಗೆಯುಗುಳದೆ ಇರದು. ಆದರೆ ಉರಿಯದ ಪೆಟ್ರೋಲು ಅದರಲ್ಲಿ ಬಹಳ ಕಡಿಮೆ. ಅದನ್ನು ಓರೆಮಾಡಿದರೆ ಕೀಲುಗಳಿಗೆ ಎಣ್ಣೆ ತಲುಪದೆಂಬ ಆಕ್ಷೇಪ ಹಿಂದೆ ಸರಿಯಾಗಿತ್ತು. ಯಾವ ಕೋನಕ್ಕೆ ವಾಲಿಸಿದರೂ ನಡೆಯುವ ಪುಟ್ಟ ಎಂಜಿನುಗಳನ್ನು ಹೋಂಡಾ ಸಂಸ್ಥೆಯು 1997ರಲ್ಲಿ ಹೊರತಂದ ಮೇಲೆ ಅದಕ್ಕೆ ಆಧಾರವಿಲ್ಲ. ತೂಕದ ಆಕ್ಷೇಪ ಮಾತ್ರ ಉಳಿದಿದೆ. ಕಡಿದಾದ ಇಳಿಜಾರಿನಲ್ಲಿ ಅರ್ಧ ಕಿಲೋ ಹೆಚ್ಚಾದರೂ ಸಂಜೆಗೆ ಸೊಂಟಕ್ಕೆ ತಿಳಿಯುತ್ತದೆ. ಅಂಥ ನೆಲವುಳ್ಳವರು ಟೂ ಸ್ಟ್ರೋಕನ್ನೇ ಆರಿಸಿದರೆ ತಪ್ಪೆನ್ನಲಾಗದು. ಆದರೆ ಮೊದಲು ಬರಿಯ ಗಾಳಿಯನ್ನು ನುಗ್ಗಿಸಿ ಹೊಗೆಯನ್ನು ತಳ್ಳುವ ಹೊಸ ಬಗೆಯ ಎಂಜಿನನ್ನು ಅವರು ಕೊಳ್ಳಲಿ. ಎಣ್ಣೆಯನ್ನು ಕಣ್ಣಂದಾಜಿನಿಂದ ಸುರಿಯದಿರಲಿ. ತಯಾರಕರು 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು. 25ಕ್ಕೆ 1 ಎಂದಿದ್ದರೆ 40. ಕಡಿಮೆಯಾದರೆ ಪಿಸ್ಟನ್ನು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಹೊಗೆ ಹೆಚ್ಚುತ್ತದೆ.

ಸಮನೆಲದ ತೋಟದಲ್ಲಿ ದಿನವಿಡೀ ಕೆಲಸ ಮಾಡಿಸುವವರಿಗೆ ಫೋರ್ ಸ್ಟ್ರೋಕೇ ತಕ್ಕುದು. ಅದು ಪೆಟ್ರೋಲನ್ನು ಉಳಿಸುತ್ತದೆ. ಪ್ರತಿಯಾಗಿ ಆರೈಕೆಯನ್ನು ಬೇಡುತ್ತದೆ. ಅದು ಹಿಡಿಯುವ ಎಣ್ಣೆ ಅತ್ಯಲ್ಪವಾದುದರಿಂದ ಪ್ರತಿದಿನ ಬೆಳಿಗ್ಗೆ ಮಟ್ಟವನ್ನು ನೋಡಲೇಬೇಕು. ಕಾಲಕಾಲಕ್ಕೆ ಎಣ್ಣೆ ಬದಲಿಸಬೇಕು, ಕವಾಟಗಳನ್ನು ಸರಿಪಡಿಸಬೇಕು. ಮನೆಯಂಗಳದ ಹುಲ್ಲಿಗಾದರೆ ಬ್ಯಾಟರಿಯ ಯಂತ್ರವೇ ಸಾಕು.

ಹಲವು ತೋಟಗಳಲ್ಲಿ ಯಂತ್ರವನ್ನು ಕೊಳ್ಳುವವರು ಒಬ್ಬರು, ಹೊರುವವರು ಇನ್ನೊಬ್ಬರು. ಬೆಲೆಯ ಉಳಿತಾಯ ಮೊದಲಿನವರಿಗೆ ಸಲ್ಲುತ್ತದೆ. ಹೊಗೆ ಎರಡನೆಯವರ ಪಾಲಿಗೆ ಬೀಳುತ್ತದೆ. ಆದುದರಿಂದ ಹಣ ಕೊಡುವ ಮುನ್ನ ಯಂತ್ರವನ್ನು ಹೊರುವವರನ್ನೂ ಅಂಗಡಿಗೆ ಕರೆದೊಯ್ಯುವುದು ಒಳ್ಳೆಯದು. ಎರಡನ್ನೂ ಹೆಗಲಿಗೇರಿಸಿ, ಸ್ವಲ್ಪ ಹೊತ್ತು ನಡೆಸಿ ನೋಡಿ ಅವರು ಹೇಳುವ ಮಾತಿಗೆ ಬೆಲೆಪಟ್ಟಿಗಿಂತ ಹೆಚ್ಚಿನ ಮನ್ನಣೆ ಸಲ್ಲಬೇಕು.