ಮನಸ್ಸಿದ್ದರೆ ಮಾರ್ಗವಂತೆ!

ಜನವರಿಯಲ್ಲಿ ಜಿಮ್‌ಗೆ ವರ್ಷದ ದುಡ್ಡು ಕಟ್ಟಿ ಮಾರ್ಚ್‌ಗೆ ಬಿಟ್ಟವರಲ್ಲಿ ನಾನೂ ಒಬ್ಬ. 'ನಿಂಗೆ ವಿಲ್‌ಪವರ್ ಇಲ್ಲ ಗುರೂ' ಅಂದ ರೂಮ್‌ಮೇಟ್. ಇರಬಹುದು. ಆದರೆ ನಮ್ಮಪ್ಪ 40 ವರ್ಷ ಬೆಳಗ್ಗೆ 5ಕ್ಕೆ ಎದ್ದದ್ದು ಛಲದಿಂದಲ್ಲ ಸ್ವಾಮಿ. ಕೆಚ್ಚಲು ಬಿಗಿದ ಎಮ್ಮೆ ಅರಚುತ್ತಿತ್ತು, ತಡವಾದರೆ ಡೈರಿ ಮುಚ್ಚುತ್ತಿತ್ತು, ಅದಕ್ಕೆ.

ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಮಾರ್ಷ್‌ಮೆಲೊ ಇಟ್ಟ ಕತೆಯನ್ನು ಆಫೀಸ್ ಟ್ರೈನಿಂಗಿನಲ್ಲಿ ಕೇಳೇ ಇರ್ತೀರಿ: ತಿನ್ನದೆ ಕಾದ ಮಗು ಮುಂದೆ ಗೆಲ್ಲುತ್ತದಂತೆ. 2018ರಲ್ಲಿ ಇನ್ನೂ ಹೆಚ್ಚು ಮಕ್ಕಳನ್ನಿಟ್ಟುಕೊಂಡು ನೋಡಿದರು. ಮನೆಯ ಸ್ಥಿತಿಗತಿಯನ್ನೂ ಲೆಕ್ಕಕ್ಕೆ ತಗೊಂಡಾಗ ಆ ನಂಟು ಬಹುಪಾಲು ಕರಗಿತು. ಇದನ್ನು ನನಗೆ ಯಾವ ಟ್ರೈನರೂ ಹೇಳಲಿಲ್ಲ.

ಪಿಯುಸಿಯಲ್ಲಿ ನನ್ನ ಗೆಳೆಯ ಲೆಕ್ಕದಲ್ಲಿ ನನಗಿಂತ ಚುರುಕು. ಮುಂದೆ ಓದಲು ನನಗೆ ಹಾಸ್ಟೆಲ್ ಸಿಕ್ಕಿತು, ಅವನಿಗೆ ಸಿಗಲಿಲ್ಲ. ನಾನು ಬಿಇ ಮುಗಿಸಿದೆ, ಅವನು ಟ್ರ್ಯಾಕ್ಟರ್ ಹೊಡೀತಾನೆ. ಊರವರು ನನ್ನನ್ನು ತೋರಿಸಿ ಮಕ್ಕಳಿಗೆ 'ಛಲ ಅಂದ್ರೆ ಹಿಂಗಿರ್ಬೇಕು' ಅನ್ನುವಾಗ ಅವನೂ ಅಲ್ಲೇ ನಿಂತಿರುತ್ತಾನೆ. ಅಲ್ಲ ಅಂತ ನಾನು ಇವತ್ತಿಗೂ ಬಾಯಿಬಿಟ್ಟಿಲ್ಲ.

ಛಲ ಬೇಡ ಅನ್ನುತ್ತಿಲ್ಲ. ಬೇಗ ಏಳಬೇಕಾ? ಮೊಬೈಲನ್ನು ಹಾಲ್‌ನಲ್ಲಿ ಚಾರ್ಜಿಗಿಡಿ, ಗೇಟಿನ ಹತ್ತಿರ ಕಾಯಲು ಒಬ್ಬ ಗೆಳೆಯನನ್ನು ಒಪ್ಪಿಸಿ. ನಿಮಗೂ ಒಂದು ಎಮ್ಮೆ ಕಟ್ಟಿಕೊಳ್ಳಿ. ಹಿಂದೆ ಬಿದ್ದವನನ್ನು ಕಂಡಾಗ ಮಾತ್ರ ಮನಸ್ಸಿತ್ತಾ ಅಂತ ಕೇಳಬೇಡಿ. ಹಾಸ್ಟೆಲ್ ಸಿಕ್ಕಿತ್ತಾ ಅಂತ ಕೇಳಿ.