ಸೂಜಿಯ ಕಣ್ಣನ್ನು ದೊಡ್ಡದು ಮಾಡುವವರು

ಸೂಜಿಯ ಕಣ್ಣು, ಒಂಟೆ, ಐಶ್ವರ್ಯವಂತ... ಯೇಸುವಿನ ಈ ಮಾತು ಕೇಳದವರು ಕಡಿಮೆ. ಇದಕ್ಕೆ ಚರ್ಚುಗಳಲ್ಲಿ ಆಗಾಗ ಕೇಳಿಬರುವ ಸಮಜಾಯಿಷಿ ಗೊತ್ತಾ? ಜೆರುಸಲೇಮಿನಲ್ಲಿ 'ಸೂಜಿಯ ಕಣ್ಣು' ಅನ್ನೋ ಪುಟ್ಟ ಬಾಗಿಲಿತ್ತಂತೆ, ಹೊರೆ ಇಳಿಸಿ ಮಂಡಿಯೂರಿದರೆ ಒಂಟೆ ಹೇಗೋ ತೂರುತ್ತಿತ್ತಂತೆ! ಅಂಥ ಬಾಗಿಲು ಇತ್ತು ಅನ್ನೋದಕ್ಕೆ ಪುರಾವೆಯೇ ಇಲ್ಲ. ಎಷ್ಟೋ ಶತಮಾನಗಳ ನಂತರ ಹುಟ್ಟಿದ ಕಥೆ ಅದು. ಇರಲಿ, ನಂಬೋಣ. ಆಗಲೂ ಹೊರೆ ಇಳಿಸಲೇಬೇಕಲ್ಲ? ಆ ಭಾಗ ಮಾತ್ರ ಯಾರಿಗೂ ನೆನಪಿರಲ್ಲ.

"ಹಣ ತಪ್ಪಲ್ಲ, ಹಣದಾಸೆ ತಪ್ಪು" ಅನ್ನೋದು ಇನ್ನೊಂದು. ನನಗೆ ಹಣದಾಸೆ ಇದೆ ಅಂತ ಒಪ್ಪಿಕೊಂಡ ಒಬ್ಬನನ್ನಾದ್ರೂ ತೋರಿಸಿ ನೋಡೋಣ! ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದ ಶ್ರೀಮಂತ ಕೆಟ್ಟವನೇನಲ್ಲ. ಚಿಕ್ಕಂದಿನಿಂದ ಆಜ್ಞೆಗಳನ್ನೆಲ್ಲ ಪಾಲಿಸಿದವನು. ಆಸ್ತಿ ಮಾರಿ ಬಡವರಿಗೆ ಕೊಡು ಅಂದಾಗ ಮಾತ್ರ ಸಪ್ಪೆ ಮುಖ ಹಾಕಿಕೊಂಡು ಹೊರಟುಹೋದ. ಹಣ ತನ್ನನ್ನು ಹಿಡಿದಿದೆ ಅಂತ ಗೊತ್ತಾಗೋದು ಬಿಡು ಅಂದಾಗಲೇ.

2015ರಲ್ಲಿ ಅಮೆರಿಕದ ಬೋಧಕ ಕ್ರೆಫ್ಲೋ ಡಾಲರ್ (ಹೆಸರೇ ಹಾಗೆ, ನಾನಿಟ್ಟಿದ್ದಲ್ಲ :) ) ಸುಮಾರು 6.5 ಕೋಟಿ ಡಾಲರಿನ ಜೆಟ್ ವಿಮಾನಕ್ಕೆ ಭಕ್ತರಿಂದ ಕಾಣಿಕೆ ಕೇಳಿದ. ನಗೋದು ಸುಲಭ. ಆದರೆ ಸಂಬಳ ಏರಿದ್ದು ದೇವರ ಆಶೀರ್ವಾದ ಅಂತ ಚರ್ಚಿನಲ್ಲಿ ಸಾಕ್ಷಿ ಹೇಳಿ, ಮಾರನೇ ದಿನ ಇನ್ನೂ ದೊಡ್ಡ ಫ್ಲ್ಯಾಟಿಗೆ ಲೋನ್ ಹಾಕೋ ನಮ್ಮ ಐಟಿ ಮಂದಿಯ ಲೆಕ್ಕಾಚಾರ ಬೇರೆಯಾ? ಸೈಜ್ ಬೇರೆ, ಅಷ್ಟೆ.

ಮೈಸೂರಿನ ವೆಸ್ಲಿ ಪ್ರೆಸ್ ಹೆಸರು ಕೇಳಿರುತ್ತೀರಿ. ಆ ಹೆಸರು ಬಂದಿದ್ದು ಮೆಥೋಡಿಸ್ಟ್ ಪಂಥ ಕಟ್ಟಿದ 18ನೇ ಶತಮಾನದ ಇಂಗ್ಲೆಂಡಿನ ಜಾನ್ ವೆಸ್ಲಿಯಿಂದ. ಆಕ್ಸ್‌ಫರ್ಡಿನ ತನ್ನ ಬಳಗದ ಒಬ್ಬನ ಲೆಕ್ಕವನ್ನು ಆತ ಬರೆದಿಟ್ಟಿದ್ದಾನೆ. ಅದು ವೆಸ್ಲಿಯದೇ ಲೆಕ್ಕ ಅಂತ ಬಹಳ ಜನ ನಂಬುತ್ತಾರೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ದಾನ ಮಾಡಿದ. ಮುಂದೆ ಆದಾಯ 60, 90, 120 ಆಯ್ತು. ಖರ್ಚು ಅದೇ 28. ನಾಲ್ಕನೇ ವರ್ಷ ಬಡವರಿಗೆ ಹೋಗಿದ್ದು 92! ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಖರ್ಚು ಕಾನ್‌ಸ್ಟಂಟ್, ದಾನ ವೇರಿಯಬಲ್. ನಾವೋ, ದಶಾಂಶ ಕೊಟ್ಟು, ಉಳಿದ ಒಂಬತ್ತು ಪಾಲಿನ ಬಗ್ಗೆ ದೇವರು ಕೇಳಬಾರದು ಅಂತ ರಸೀದಿ ಇಟ್ಕೋತೀವಿ.

1786ರಲ್ಲಿ ಇದೇ ವೆಸ್ಲಿ ಒಂದು ಭಯ ತೋಡಿಕೊಂಡ. ಭಕ್ತಿ ಬಂದವನು ಕಷ್ಟಪಟ್ಟು ದುಡಿಯುತ್ತಾನೆ, ಮಿತವಾಗಿ ಬದುಕುತ್ತಾನೆ. ಹಾಗಾಗಿ ದುಡ್ಡು ಬರುತ್ತೆ. ದುಡ್ಡಿನ ಜೊತೆ ಅಹಂಕಾರ ಬರುತ್ತೆ, ಭಕ್ತಿಯ ಸಿಪ್ಪೆ ಮಾತ್ರ ಉಳಿಯುತ್ತೆ. ಇಪ್ಪತ್ತು ವರ್ಷದ ಊಟವನ್ನು ಫಿಕ್ಸೆಡ್ ಡಿಪಾಸಿಟ್‌ನಲ್ಲಿ ಇಟ್ಟವನು ದೇವರ ಮುಂದೆ ಅನುದಿನದ ಆಹಾರ ಕೇಳುವಾಗ, ಅದರಲ್ಲಿ ಪ್ರಾರ್ಥನೆ ಎಷ್ಟು, ಬಾಯಿಪಾಠ ಎಷ್ಟು?

ಅಪ್ಪ ಅಮ್ಮನ ಔಷಧಿ, ಮಕ್ಕಳ ಫೀಸು ಬೇಡ ಅಂತಿಲ್ಲ. ಬಡತನವೇ ಪುಣ್ಯ ಅಂತಲೂ ಅಲ್ಲ. ಹಸಿದವನಿಗೆ ಈ ಉಪದೇಶ ಮಾಡೋದು ಪಾಪ. ನಾನು ಕೇಳ್ತಿರೋದು ಹೊಟ್ಟೆ ತುಂಬಿದ ನಮ್ಮನ್ನು. 'ಸಾಕು' ಅನ್ನೋ ಗೆರೆ ಎಳೆಯದವನು ಯಾವ ಬಾಗಿಲಲ್ಲೂ ತೂರಲಾರ.

ವೆಸ್ಲಿ ಬರೆದಿಟ್ಟ ಆ ಆಕ್ಸ್‌ಫರ್ಡಿನವನ ಗೆರೆ 28. ನಿಮ್ಮದೆಷ್ಟು?