ಆ ಮುಖ ನಗೆಪಾಟಲಿನ ಸರಕಲ್ಲ

ಯಾರದೋ ಮುಖವನ್ನೋ ಮೈಯನ್ನೋ ಆಡಿಕೊಂಡು ಸಿಕ್ಕಿಬಿದ್ದವರೆಲ್ಲ ಹೇಳುವುದು ಒಂದೇ ಮಾತು: ‘ತಮಾಷೆಯನ್ನು ತಮಾಷೆಯಾಗಿ ತಗೊಳ್ಳಿ.’ ಹಾಗೆನ್ನುವವರು ಮೇರಿ ಆ್ಯನ್ ಬೆವನ್ ಅವರ ಬದುಕನ್ನು ಒಮ್ಮೆ ಓದಲಿ. ಇಂಗ್ಲೆಂಡಿನ ಈ ನರ್ಸ್‌ಗೆ ಮದುವೆಯಾದ ಕೆಲವೇ ವರ್ಷಗಳಲ್ಲಿ ದವಡೆ, ಮೂಗು, ಕೈಕಾಲು ಬೆಳೆಯತೊಡಗಿದವು. 1914ರಲ್ಲಿ ಗಂಡ ತೀರಿಕೊಂಡರು. ನಾಲ್ಕು ಮಕ್ಕಳ ಹೊಟ್ಟೆ ತುಂಬಿಸಲು ಆಕೆ 1920ರಲ್ಲಿ ಅಮೆರಿಕಕ್ಕೆ ಹೋಗಿ, ಕೋನಿ ಐಲ್ಯಾಂಡ್‌ನ ಪ್ರದರ್ಶನದಲ್ಲಿ ‘ಜಗತ್ತಿನ ಅತಿ ಕುರೂಪಿ ಹೆಂಗಸು’ ಎಂಬ ಹೆಸರಿಗೆ ಮೈಯೊಡ್ಡಿ ನಿಂತರು. ಸತ್ತದ್ದು 1933ರಲ್ಲಿ. ಆಮೇಲೂ ಜನ ಬಿಡಲಿಲ್ಲ. ಈ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಹಾಲ್‌ಮಾರ್ಕ್ ಕಂಪನಿ ಅದೇ ಮುಖವನ್ನು ಹುಟ್ಟುಹಬ್ಬದ ಕಾರ್ಡಿನ ಮೇಲೆ ಅಚ್ಚು ಹಾಕಿ ಮಾರಿತು. ನೆದರ್ಲೆಂಡ್ಸ್‌ನ ವೈದ್ಯರೊಬ್ಬರು ದೂರಿದ ಮೇಲಷ್ಟೇ ಕಾರ್ಡು ಅಂಗಡಿಯಿಂದ ಹೊರಬಿತ್ತು.

ಗೊತ್ತಿಲ್ಲದೆ ನಕ್ಕರು ಎಂಬ ಸಬೂಬು ಇಲ್ಲಿ ನಡೆಯುವುದಿಲ್ಲ. ಬೆವನ್ ಅವರಿಗಿದ್ದ ಕಾಯಿಲೆಗೆ ಆಕ್ರೊಮೆಗಾಲಿ ಎಂದು ಫ್ರಾನ್ಸಿನ ವೈದ್ಯ ಪಿಯರ್ ಮರೀ ಹೆಸರಿಟ್ಟದ್ದು 1886ರಲ್ಲಿ. ಶಸ್ತ್ರವೈದ್ಯ ಹಾರ್ವಿ ಕುಶಿಂಗ್ ಇಂಥ ರೋಗಿಯೊಬ್ಬರ ಪಿಟ್ಯುಟರಿ ಗಡ್ಡೆಗೆ ಶಸ್ತ್ರಚಿಕಿತ್ಸೆ ಮಾಡಿದ್ದು 1909ರಲ್ಲಿ. ಬೆವನ್ ಚಿತ್ರ ಹಾಕಿ ‘ಟೈಮ್’ ಪತ್ರಿಕೆ ಲೇವಡಿ ಮಾಡಿದಾಗ, 1927ರಲ್ಲಿ, ಇದೇ ಕುಶಿಂಗ್ ಸಂಪಾದಕರಿಗೆ ಪತ್ರ ಬರೆದು ಇದು ಕಾಯಿಲೆಯೆಂದು ಪ್ರತಿಭಟಿಸಿದರು. ಹೆಸರಿತ್ತು, ಕಾರಣ ತಿಳಿದಿತ್ತು, ದಾರಿಯೂ ತೆರೆದಿತ್ತು. ಆದರೂ ಟಿಕೆಟ್ ಮಾರಾಟ ನಿಲ್ಲಲಿಲ್ಲ.

ಮಿದುಳಿನ ಬುಡದಲ್ಲಿರುವ ಕಡಲೆಕಾಳಿನಷ್ಟು ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆಯೆದ್ದು ಬೆಳವಣಿಗೆಯ ಹಾರ್ಮೋನು ಉಕ್ಕಿದರೆ ದೇಹ ಅದನ್ನು ಎಲ್ಲರಿಗೂ ಕಾಣುವಂತೆ ಹೇಳುತ್ತದೆ. ಉಂಗುರ ಬೆರಳಿಗೆ ಹಿಡಿಯುವುದಿಲ್ಲ. ಚಪ್ಪಲಿಯ ಅಳತೆ ಏರುತ್ತದೆ. ಹಲ್ಲುಗಳ ನಡುವೆ ಸಂದು ಬೀಳುತ್ತದೆ, ದನಿ ದಪ್ಪಗಾಗುತ್ತದೆ, ಗೊರಕೆ, ಬೆವರು, ಸಕ್ಕರೆ ಕಾಯಿಲೆ, ಬಿಪಿ ಒಂದರ ಹಿಂದೊಂದು ಬರುತ್ತವೆ. ಇಷ್ಟು ಕಣ್ಣಿಗೆ ಹೊಡೆಯುವ ರೋಗ ಪತ್ತೆಯಾಗುವುದಕ್ಕೆ ಇವತ್ತಿಗೂ ಸಾಮಾನ್ಯವಾಗಿ 5ರಿಂದ 10 ವರ್ಷ ಹಿಡಿಯುತ್ತದೆ. 5ರಿಂದ 10 ವರ್ಷ! ಆ ಅವಧಿಯುದ್ದಕ್ಕೂ ಮನೆಯವರು, ನೆಂಟರು, ಸಹೋದ್ಯೋಗಿಗಳು ಆ ಮುಖವನ್ನು ನೋಡುತ್ತಲೇ ಇರುತ್ತಾರೆ. ನೋಡಿ ಅಡ್ಡಹೆಸರಿಡುತ್ತಾರೆ. ಹಂಗಿಸಿಕೊಂಡವರು ಕನ್ನಡಿ ಬಿಡುತ್ತಾರೆ, ಫೋಟೊ ತೆಗೆಸಿಕೊಳ್ಳುವುದನ್ನು ಬಿಡುತ್ತಾರೆ, ಆಸ್ಪತ್ರೆಗೂ ಹೋಗುವುದಿಲ್ಲ.

ಭಾರತೀಯರಿಗೆ ಇದು ದೂರದ ಕತೆಯಲ್ಲ. ‘ಗ್ರೇಟ್ ಖಲಿ’ ಎಂದು ಮನೆಮಾತಾದ ಕುಸ್ತಿಪಟು ದಲೀಪ್ ಸಿಂಗ್ ರಾಣಾ ಅವರ ಪಿಟ್ಯುಟರಿ ಗಡ್ಡೆಯನ್ನು 2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ತೆಗೆದರು. ಆ ದವಡೆಯನ್ನು ಅಣಕಿಸಿದವರಲ್ಲಿ ಈ ಗಡ್ಡೆಯ ಬಗ್ಗೆ ಒಂದು ಸಾಲು ಮಾತಾಡಿದವರು ಎಷ್ಟು ಮಂದಿ?

ಹೆಂಗಸರ ಪಾಡು ಇನ್ನೂ ಕಷ್ಟ. ಮುಟ್ಟು ನಿಂತಿದೆ, ಬಸುರಿಲ್ಲದೆ ಎದೆಹಾಲು ಒಸರುತ್ತಿದೆ ಎಂದರೆ ‘ಟೆನ್ಶನ್ ಮಾಡ್ಕೋಬೇಡಮ್ಮ’ ಎಂಬ ಉತ್ತರ. ಮುಖ ದುಂಡಗಾಗಿ, ಹೊಟ್ಟೆಯ ಮೇಲೆ ನೇರಳೆ ಗೆರೆ ಮೂಡಿ, ಕೈಕಾಲು ಸೊರಗಿದರೂ ‘ತಿನ್ನೋದು ಕಡಿಮೆ ಮಾಡು’ ಎಂಬ ಬುದ್ಧಿಮಾತು. ಮೊದಲನೆಯದು ಇದೇ ಗ್ರಂಥಿಯಲ್ಲಿ ಎದ್ದ, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಹೆಚ್ಚಿಸುವ ಗಡ್ಡೆಯಿರಬಹುದು. ಅದು ಬಹುಪಾಲು ಮಾತ್ರೆಯಲ್ಲೇ ಕುಗ್ಗುತ್ತದೆ. ಎರಡನೆಯದು ಇದೇ ಗ್ರಂಥಿಯ ಗಡ್ಡೆಯಿಂದ ಬರುವ ಕುಶಿಂಗ್ ಕಾಯಿಲೆಯಿರಬಹುದು. ಬಿಟ್ಟರೆ ಜೀವಕ್ಕೇ ಎರವು. ಮದುವೆಮನೆಯ ಊಟದ ಪಂಕ್ತಿಯಿಂದ ಟಿವಿಯ ಕಾಮಿಡಿ ಶೋವರೆಗೆ ದಪ್ಪ ಹೆಂಗಸೆಂದರೆ ಚಪ್ಪಾಳೆ ಗಿಟ್ಟಿಸುವ ವಸ್ತುವಾಗಿರುವ ಸಮಾಜದಲ್ಲಿ ಅವಳ ಮಾತನ್ನು ರೋಗಲಕ್ಷಣವೆಂದು ಕೇಳಿಸಿಕೊಳ್ಳುವವರು ಯಾರು?

ಹತ್ತು ವರ್ಷ ಹಳೆಯ ಫೋಟೊವನ್ನು ಇಂದಿನದರ ಪಕ್ಕ ಇಟ್ಟು ನೋಡಲು ಖರ್ಚಿಲ್ಲ. ಅನುಮಾನ ಬಂದರೆ ಬೆಳವಣಿಗೆಯ ಹಾರ್ಮೋನು ಹೆಚ್ಚಿದ್ದನ್ನು ತೋರುವ ಐಜಿಎಫ್-1 ರಕ್ತಪರೀಕ್ಷೆ, ಬೇಕಿದ್ದರೆ ಎಂಆರ್‌ಐ. ಎರಡೂ ಪಕ್ಕದ ನೋಟ ಮಸುಕಾದರೆ ಅದೂ ಈ ಗಡ್ಡೆಯ ಸೂಚನೆಯಿರಬಹುದು, ಕನ್ನಡಕ ಬದಲಿಸಿ ಸುಮ್ಮನಾಗಬಾರದು. ಹಠಾತ್ತನೆ ಸಹಿಸಲಾಗದ ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ನಗಿಸುವುದು ತಮ್ಮ ಹಕ್ಕೆಂದು ವಾದಿಸುವ ವಾಹಿನಿಗಳು ಪ್ರತಿ ಸಂಚಿಕೆಯಲ್ಲಿ ಇಷ್ಟನ್ನು ಹೇಳಲು ಅರ್ಧ ನಿಮಿಷ ಕೊಡಲಿ. ಅದಾಗದಿದ್ದರೆ ಜನರ ಮುಖ, ಮೈಗಳನ್ನು ಆಡಿಕೊಳ್ಳುವುದನ್ನು ಇಂದೇ ನಿಲ್ಲಿಸಲಿ.